ನೀರು ಕುಡಿದ ವಸೂಲಿಗಾರ

ಮಾರ್ಚ್ ತಿಂಗಳ ಕೊನೆಯ ಮಂಗಳವಾರ, ಬೆಳಗಿನ ಹತ್ತರ ಹೊತ್ತು. ಗುತ್ತಿಗಾರಿನಲ್ಲಿ ಭವಿತಾಳ ಮನೆಯ ಜಗಲಿಯಲ್ಲಿ ಕೂತು ನಾನು ಚಾ ಲೋಟ ಕೆಳಗಿಡುವುದಕ್ಕೂ ಒಳಗೆ ಅವಳ ಫೋನು ಟಿಣ್ ಎನ್ನುವುದಕ್ಕೂ ಸರಿಹೋಯಿತು.

ಅವಳು ಅಡಿಗೆಮನೆಯಿಂದ ಓಡಿ ಬಂದಳು. ಕೈಗೆ ಮೀನಿನ ಪೊರೆ ಅಂಟಿತ್ತು. ಒದ್ದೆ ಬೆರಳಿಗೆ ಫೋನು ತೆರೆದುಕೊಳ್ಳಲಿಲ್ಲ. ನೈಟಿಯ ಅಂಚಿಗೆ ಒರೆಸಿ ಮತ್ತೆ ಒತ್ತಿದಳು.

“ಬಂತು ಅಜ್ಜ,” ಎಂದಳು. “ಈ ತಿಂಗಳೂ ಕಟ್ಟಿದ್ದಾರೆ.”

ನನಗೆ ಅಷ್ಟು ಸಣ್ಣ ಅಕ್ಷರ ಕಾಣುವುದಿಲ್ಲ. ಅವಳೇ ಓದಿ ಹೇಳಿದಳು. ಸ್ಕೂಟರ್ ಸಾಲದ ಮಾರ್ಚ್ ಕಂತು ಸಂದಾಯವಾಗಿದೆ, ಧನ್ಯವಾದ. ಅಷ್ಟೇ. ಅಷ್ಟನ್ನೇ ಅವಳು ಇನ್ನೊಮ್ಮೆ ಓದಿದಳು. ಧನ್ಯವಾದ ಎಂಬಲ್ಲಿ ಸ್ವರ ತಗ್ಗಿತು, ಗಂಡನೇ ಎದುರು ಕೂತು ಹೇಳಿದ ಹಾಗೆ.

ಗಂಡ ಹರಿಪ್ರಸಾದ್ ಪುತ್ತೂರಿನ ಒಂದು ಫೈನಾನ್ಸ್ ಕಂಪೆನಿಯಲ್ಲಿ ವಸೂಲಿ ಕೆಲಸದವನು. ಕ್ರಿಸ್ಮಸ್ ಕಳೆದ ವಾರ ಕಚೇರಿಯ ಮೆಟ್ಟಿಲು ಇಳಿದವನು ಮನೆಗೆ ಬಂದಿಲ್ಲ. ಸ್ಕೂಟರು ಕಚೇರಿಯ ಕೆಳಗೇ ನಿಂತಿತ್ತು. ಅಂದು ವಸೂಲಾದ ಹಣವನ್ನು ಬಿಡಿಗಾಸು ಬಿಡದೆ ಕೌಂಟರಿಗೆ ಕಟ್ಟಿ ಹೋಗಿದ್ದ. ನನಗೆ ಮೊದಲಿಂದಲೂ ಚುಚ್ಚುತ್ತಿದ್ದದ್ದು ಅದೇ. ಓಡಿಹೋಗುವವನು ಖಾಲಿ ಕೈಯಲ್ಲಿ ಓಡುವುದಿಲ್ಲ.

ಆದರೆ ಜನವರಿಯಲ್ಲಿ ಅವನ ಸ್ಕೂಟರಿನ ಕಂತು ಕಟ್ಟಲ್ಪಟ್ಟಿತು. ಫೆಬ್ರವರಿಯಲ್ಲೂ ಕಟ್ಟಲ್ಪಟ್ಟಿತು. ಮೆಸೇಜು ಬರುವುದು ಭವಿತಾಳ ನಂಬರಿಗೆ. ಅವಳು ಅದನ್ನು ಠಾಣೆಗೆ ಕೊಂಡುಹೋಗಿ ತೋರಿಸಿದಳು.

ಅಲ್ಲಿ ದೂರು ಬರೆದುಕೊಳ್ಳುವ ರೈಟರ್ ಸಮಾಧಾನದಲ್ಲೇ ಹೇಳಿದ್ದ. “ಕಂತು ಕಟ್ಟುವ ಜನ ಎಲ್ಲೋ ಇದ್ದಾನೆ ಅಂತಾಯ್ತಲ್ಲ ಅಮ್ಮ. ತಲೆಬಿಸಿ ಇಳಿದ ಮೇಲೆ ಬರ್ತಾನೆ. ನೀವು ಗಾಬರಿ ಆಗ್ಬೇಡಿ.”

ಆಮೇಲೆ ಯಾರೂ ಹುಡುಕಲಿಲ್ಲ. ನಾನು ಅದೇ ಇಲಾಖೆಯಲ್ಲಿ ಜೀಪು ಓಡಿಸಿ ಮುದುಕನಾದವನು. ಹಿಂದಿನ ಸೀಟಿನಲ್ಲಿ ಕೂತ ಸಾಹೇಬರು ಮಾತಾಡಿದ್ದನ್ನೆಲ್ಲ ಕೇಳಿದ್ದೇನೆ. ಬದುಕಿದ್ದಾನೆ ಎಂದು ಬರೆದುಕೊಂಡ ಮನುಷ್ಯನನ್ನು ಯಾವ ಠಾಣೆಯೂ ಹುಡುಕುವುದಿಲ್ಲ. ಅದಕ್ಕೇ ಭವಿತಾ ನನ್ನನ್ನು ಕರೆದದ್ದು. ಪಕ್ಕದ ಮನೆಯವನು, ಕೆಲಸವಿಲ್ಲದವನು, ಬಸ್ಸಿನಲ್ಲಿ ಮುದುಕರ ರಿಯಾಯಿತಿ ಟಿಕೇಟಿನವನು.

“ಎಲ್ಲಿಂದ ಕಟ್ಟಿದ್ದು ಅಂತ ಅದ್ರಲ್ಲಿ ಉಂಟಾ?” ಎಂದು ಕೇಳಿದೆ.

“ಇಲ್ಲ ಅಜ್ಜ. ಎಲ್ಲಿಂದಾದ್ರೂ ಆಗ್ಲಿ. ಇದ್ದಾರಲ್ಲ.”

“ದುಗ್ಗಮ್ಮನಿಗೆ ಹೇಳು.”

“ಅತ್ತೆ ಬೆಳಿಗ್ಗೆ ಬಸ್ಸಿಗೆ ಪಂಜಕ್ಕೆ ಹೋದದ್ದು, ತಂಗಿಯ ಮನೆಗೆ. ಸಂಜೆ ಬರ್ತಾರೆ. ಬಂದ ಕೂಡ್ಲೆ ಹೇಳ್ತೇನೆ.”

ಅವಳು ನಗುತ್ತಿದ್ದಳು. ನನಗೆ ನಗು ಬರಲಿಲ್ಲ. ಒಂದು ಫೋನು ಮಾಡದವನು, ಒಂದು ಕಾಗದ ಹಾಕದವನು, ತಿಂಗಳು ತಪ್ಪದೆ ಸ್ಕೂಟರಿನ ಕಂತು ಮಾತ್ರ ಕಟ್ಟುತ್ತಾನೆಯೆ.

“ಕಂಪೆನಿಯಿಂದ ಯಾರಾದ್ರೂ ಬಂದಿದ್ರಾ ಈಚೆಗೆ?”

“ಮೋಕ್ಷಿತ್ ಬಂದಿದ್ದ, ಕಳೆದ ತಿಂಗಳು. ಇವರ ಏರಿಯಾ ಈಗ ಅವನಿಗೆ ಕೊಟ್ಟಿದ್ದಾರಂತೆ. ಒಳ್ಳೆ ಹುಡುಗ. ಇಲ್ಲೇ ಕೂತ. ಬೆಲ್ಲ ನೀರು ಕುಡಿದ. ಇನ್ನೊಂದು ಲೋಟ ಕೇಳಿ ಕುಡಿದ.”

“ಕಂತಿನ ವಿಷಯ?”

“ಎತ್ಲೇ ಇಲ್ಲ. ಮನೆಯವರ ಸೌಖ್ಯ ಕೇಳಿ ಹೋದ.”

“ಆಗ ಫೆಬ್ರವರಿಯ ಮೆಸೇಜು ಬಂದಾಗಿತ್ತಾ?”

ಅವಳು ಸ್ವಲ್ಪ ಯೋಚಿಸಿದಳು. “ಇಲ್ಲ. ಮಾರನೆ ದಿನ ಬಂದದ್ದು.”

ನಾನು ಲೋಟವನ್ನು ಮತ್ತೆ ಕೈಗೆ ತೆಗೆದುಕೊಂಡೆ. ಚಾ ಮುಗಿದಿತ್ತು.

ಮೋಕ್ಷಿತನನ್ನು ನಮ್ಮ ಬೈಲಿನವರೆಲ್ಲ ಬಲ್ಲರು. ಆಚೆ ಮನೆಯ ಕುಕ್ಕಪ್ಪ ಟಿಲ್ಲರಿಗೆ ಸಾಲ ಮಾಡಿದವನು. ಅವನ ಅಂಗಳಕ್ಕೆ ಬಂದಾಗ ಮೋಕ್ಷಿತ್ ಹೆಲ್ಮೆಟ್ ಕೂಡ ತೆಗೆಯಲಿಲ್ಲವಂತೆ. ಕುಕ್ಕಪ್ಪನ ಹೆಂಡತಿ ನೀರು, ಬೆಲ್ಲ ತಂದು ಜಗಲಿಯ ಕಟ್ಟೆಯ ಮೇಲಿಟ್ಟರೆ ಕಣ್ಣೆತ್ತಿ ನೋಡಲಿಲ್ಲವಂತೆ. “ಬಂದ ಜನ ನೀರು ಮುಟ್ಟದೆ ಹೋದದ್ದು ನನ್ನ ಮನೆಯಲ್ಲಿ ಅದೇ ಮೊದಲು ಮಾರಾಯ,” ಎಂದು ಕುಕ್ಕಪ್ಪ ಹಣ ಕೇಳಿದ್ದಕ್ಕಿಂತ ಹೆಚ್ಚು ಅದನ್ನೇ ಹೇಳಿಕೊಂಡು ತಿರುಗಿದ್ದ.

ಯಾವ ಮನೆಯಲ್ಲೂ ನೀರು ಮುಟ್ಟದ ವಸೂಲಿಗಾರ ಈ ಮನೆಯಲ್ಲಿ ಇನ್ನೊಂದು ಲೋಟ ಕೇಳಿ ಕುಡಿದಿದ್ದ. ಕೇಳಲಿಕ್ಕೆ ಏನೂ ಇಲ್ಲದವನು ಕುಡಿಯುವ ಹಾಗೆ.

ಭವಿತಾಳಿಗೆ ಏನೂ ಹೇಳದೆ ಎದ್ದೆ.

*

ಬುಧವಾರ ಪಂಜದ ದಾರಿಯಾಗಿ ಕಡಬಕ್ಕೆ, ಕಡಬದಿಂದ ಇನ್ನೊಂದು ಬಸ್ಸಿನಲ್ಲಿ ಕೊಯಿಲಕ್ಕೆ ಹೋಗಿ ಇಳಿದೆ. ಮೋಕ್ಷಿತ್ ಮಧ್ಯಾಹ್ನ ಎಲ್ಲಿರುತ್ತಾನೆ ಎಂದು ಕಡಬದ ರಿಕ್ಷಾದವರು ಹೇಳಿದ್ದರು. ಸರಕಾರಿ ದನದ ಫಾರ್ಮಿನ ಬೇಲಿ ಮುಗಿಯುವಲ್ಲಿ ಒಂದು ಗೋಳಿಮರ. ಅದರಡಿಯಲ್ಲಿ ಬೈಕು. ಬೈಕಿನ ಮೇಲೆ ಅಡ್ಡ ಕೂತು ಅವನು ಬುತ್ತಿ ತಿನ್ನುತ್ತಿದ್ದ.

ಇಪ್ಪತ್ತೈದು ದಾಟಿರಲಿಕ್ಕಿಲ್ಲ. ಬಿಳಿ ಅಂಗಿಯ ಕಾಲರು ಬೆವರಿಗೆ ಹಳದಿಯಾಗಿತ್ತು. ನನ್ನನ್ನು ನೋಡಿದವನೇ ಬುತ್ತಿ ಮುಚ್ಚಿದ.

“ಊಟ ಮಾಡು,” ಎಂದೆ. “ನಾನು ಹರಿಯ ನೆರೆಮನೆಯವನು, ಜತ್ತಪ್ಪ.”

“ಗೊತ್ತುಂಟು. ಪೊಲೀಸ್ ಜೀಪಿನವರಲ್ವಾ.”

“ಈಗ ಜೀಪೂ ಇಲ್ಲ, ಪೊಲೀಸೂ ಇಲ್ಲ. ನೀರಿದ್ರೆ ಸ್ವಲ್ಪ ಕೊಡು.”

ಅವನು ಬಾಟಲಿ ಕೊಟ್ಟ. ನಾನು ಕುಡಿದೆ. ಬಾಟಲಿ ಹಿಂದೆ ಕೊಡುತ್ತಾ ಕೇಳಿದೆ. “ಕುಕ್ಕಪ್ಪನ ಮನೆಯಲ್ಲಿ ನೀನು ನೀರು ಮುಟ್ಲಿಲ್ಲಂತೆ.”

“ಮುಟ್ಟುವ ಹಾಗಿಲ್ಲ ಅಜ್ಜ. ಟ್ರೈನಿಂಗಿನಲ್ಲಿ ಮೊದಲ ದಿನ ಹೇಳಿಕೊಡುದೇ ಅದು. ಈ ಕಡೆ ಮನೆಯವರು ಮೊದಲು ನೀರು ಬೆಲ್ಲ ತಂದಿಡ್ತಾರೆ. ಕುಡಿದ್ರೆ ನೀವು ನೆಂಟ. ನೆಂಟ ಸ್ವರ ಏರಿಸ್ಲಿಕ್ಕೆ ಆಗುದಿಲ್ಲ. ಕುಡೀಬೇಡಿ, ಕೂರಬೇಡಿ, ಚಪ್ಪಲಿ ಬಿಚ್ಚಬೇಡಿ.”

“ಹರಿ?”

ಅವನು ಬೇಲಿಯ ಆಚೆ ನೋಡಿದ. ಬಿಸಿಲಿಗೆ ಬೆಂದ ಹುಲ್ಲಿನಲ್ಲಿ ದನಗಳು ತಲೆ ತಗ್ಗಿಸಿ ನಿಂತಿದ್ದವು.

“ಹರಿಯಣ್ಣ ಎಲ್ಲ ಮನೇಲೂ ಕುಡೀತಿದ್ರು. ನನಗೆ ಕೆಲಸ ಕಲಿಸಿದ್ದು ಅವರೇ. ‘ನೀರು ಬೇಡ ಹೇಳಿದ್ರೆ ಆ ಹೆಂಗಸಿನ ಮುಖ ನೋಡ್ಲಿಕ್ಕಾಗುದಿಲ್ಲ ಮಾರಾಯ, ಒಂದು ಗುಟುಕು ಕುಡಿ’ ಹೇಳ್ತಿದ್ರು. ಕುಡಿದು ಎದ್ದು ಬರುದು. ಹಣ ಇಲ್ಲ. ಸಂಜೆ ಮ್ಯಾನೇಜರ್ ಎಲ್ಲರೆದುರು ನಿಲ್ಲಿಸಿ ಕೇಳುದು, ಇವತ್ತು ಎಷ್ಟು ಲೋಟ ವಸೂಲಾಯ್ತು ಹರಿಪ್ರಸಾದ್ ಅಂತ.”

“ಭವಿತಾಳ ಮನೆಯಲ್ಲಿ ನೀನೂ ಕುಡಿದದ್ದುಂಟು.”

ಅವನು ಉತ್ತರ ಕೊಡುವ ಮೊದಲೇ ಫೋನು ಬಡಿದುಕೊಂಡಿತು. ಅವನು ಹೆದರಿದವನಂತೆ ಬೈಕಿನಿಂದ ಇಳಿದು ನಿಂತ. ಫೋನು ಕಿವಿಗಿಡುವ ಮೊದಲೇ ಆ ಕಡೆಯ ಸ್ವರ ನನಗೂ ಕೇಳುತ್ತಿತ್ತು.

“ಕೊಯಿಲದಲ್ಲಿ ಎಂತ ಮಾಡ್ತಿದ್ದೀ? ಅರ್ಧ ಗಂಟೆಯಿಂದ ಲೊಕೇಶನ್ ಒಂದೇ ಕಡೆ ತೋರಿಸ್ತಾ ಉಂಟು. ದನ ಮೇಯಿಸ್ಲಿಕ್ಕೆ ಹೋದದ್ದಾ?”

“ಊಟ, ಸಾರ್.”

“ಮಾರ್ಚಿನಲ್ಲಿ ಊಟವಾ? ಮೇಲಿನವರು ನನ್ನ ತಲೆ ತಿಂತಿದ್ದಾರೆ, ನಿನಗೆ ಊಟ. ಸಂಜೆಗೆ ಮೂರು ಮನೆಯ ಬಾಕಿ ಕ್ಲೋಸ್ ಆಗ್ಬೇಕು. ಆಗದಿದ್ರೆ ಬರ್ಲೇಬೇಡ ಇಲ್ಲಿಗೆ.”

“ಆಯ್ತು ಸಾರ್.”

ಫೋನು ಕಟ್ಟಾಯಿತು. ಅವನು ಇನ್ನೊಮ್ಮೆ “ಆಯ್ತು ಸಾರ್” ಎಂದ, ಯಾರಿಗೂ ಅಲ್ಲದೆ.

ನಾನು ಸುಮ್ಮನೆ ನಿಂತಿದ್ದೆ. ಬಾಯಿ ಬಿಡಿಸಲು ಲಾಠಿ ಹಿಡಿದವರನ್ನು ನೋಡಿದ್ದೇನೆ, ಸುಮ್ಮನೆ ಕೂತವರನ್ನೂ ನೋಡಿದ್ದೇನೆ. ಎರಡನೆಯವರ ಹತ್ತಿರ ಜನ ಹೆಚ್ಚು ಹೇಳುತ್ತಿದ್ದರು.

“ನೀನು ಅವಳ ಹತ್ತಿರ ಕಂತು ಯಾಕೆ ಕೇಳ್ಲಿಲ್ಲ ಮೋಕ್ಷಿತ್?”

“ಕೇಳುವ ಅಗತ್ಯ ಇರ್ಲಿಲ್ಲ.”

“ಮೆಸೇಜು ಬಂದದ್ದು ನೀನು ಹೋದ ಮಾರನೆ ದಿನ. ಮೊದಲೇ ನಿನಗೆ ಹೇಗೆ ಗೊತ್ತು?”

ಅವನು ಬುತ್ತಿಯ ಮುಚ್ಚಳವನ್ನು ತಿರುಗಿಸುತ್ತಲೇ ಇದ್ದ. ಅದು ಆಗಲೇ ಬಿಗಿಯಾಗಿತ್ತು.

“ಹರಿ ಎಲ್ಲಿದ್ದಾನೆ?” ಎಂದೆ.

“ಅಯ್ಯೋ, ನನಗೆ ಗೊತ್ತಿಲ್ಲ ಅಜ್ಜ. ದೇವರಾಣೆ ಗೊತ್ತಿಲ್ಲ.” ಮತ್ತೆ ಸ್ವರ ತಗ್ಗಿಸಿ, “ಕಟ್ಟಿದ್ದು ನಾನು,” ಎಂದ.

ಗೋಳಿಮರದಲ್ಲಿ ಹಕ್ಕಿಗಳ ಗಲಾಟೆ ನಡೆಯುತ್ತಿತ್ತು. ನಾನು ಕಲ್ಲಿನ ಮೇಲೆ ಕೂತೆ.

“ನೀನ್ಯಾಕೆ ಕಟ್ಟಿದ್ದು?”

“ಹರಿಯಣ್ಣನ ಏರಿಯಾ ನನಗೆ ಕೊಟ್ಟಾಗ ಅವರ ಸ್ಕೂಟರ್ ಸಾಲವೂ ನನ್ನ ತಲೆಗೇ ಬಂತು. ನೂರರಲ್ಲಿ ತೊಂಬತ್ತೈದು ಮನೆಯವರು ಕಟ್ಟಿದ್ರೆ ನನಗೆ ಕಮಿಷನ್. ಒಂದು ಮನೆ ಕಡಿಮೆ ಆದ್ರೂ ಪೂರ್ತಿ ಹೋಯ್ತು. ಆ ಕಂತು ಎರಡು ಸಾವಿರದ ಚಿಲ್ಲರೆ, ಕಮಿಷನ್ ಹನ್ನೊಂದು ಸಾವಿರ. ಹಾಗಾಗಿ ಕೈಯಿಂದ ಹಾಕುದು. ನಾನೊಬ್ಬನೇ ಅಲ್ಲ, ನಾವು ಎಲ್ಲರೂ ಮಾಡುದು ಹೀಗೇ. ಮತ್ತೆ ಆ ಮನೆಯವರ ಹತ್ತಿರ ನಿಧಾನಕ್ಕೆ ಕೇಳಿ ತಗೊಳ್ಳುದು.”

“ಭವಿತಾಳ ಹತ್ತಿರ ಕೇಳ್ಲಿಲ್ಲ.”

“ಕೇಳುವ ಅಂತಲೇ ಹೋದದ್ದು. ಅವರು ಬೆಲ್ಲ ನೀರು ತಂದಿಟ್ರು. ಜನವರಿಯ ಮೆಸೇಜು ತೋರಿಸಿದ್ರು. ‘ನೋಡು ಮೋಕ್ಷಿತ್, ನಿಮ್ಮ ಅಣ್ಣ ಕಟ್ಟಿದ್ದಾರೆ’ ಹೇಳಿದ್ರು. ನಾನು ಹೇಗೆ ಹೇಳುದು ಅಜ್ಜ? ನೀರು ಕುಡಿದೆ. ಬಾಯಿ ಒಣಗಿತ್ತು, ಇನ್ನೊಂದು ಲೋಟ ಕೇಳಿದೆ. ಮಾರನೆ ದಿನ ಫೆಬ್ರವರಿಯದ್ದೂ ಕಟ್ಟಿದೆ.”

“ಕಮಿಷನಿಗಾ, ಅವಳಿಗಾ?”

ಅವನು ಬುತ್ತಿಯನ್ನು ಬೈಕಿನ ಸೀಟಿನ ಮೇಲಿಟ್ಟ. “ಕಮಿಷನಿಗೇ,” ಎಂದ. “ಸುಳ್ಳು ಯಾಕೆ ಹೇಳ್ಲಿ.”

ನನಗೆ ಅವನ ಮೇಲೆ ಸಿಟ್ಟು ಬರಬೇಕಿತ್ತು. ಬರುವಷ್ಟರಲ್ಲಿ ಅವನ ಅಂಗಿಯ ಕಾಲರು ಕಣ್ಣಿಗೆ ಬಿತ್ತು. ಆದರೂ ಹೇಳಬೇಕಾದ್ದನ್ನು ಹೇಳಿದೆ.

“ನೀನು ಕಟ್ಟಿದ ಆ ಕಂತು ನೋಡಿಯೇ ಠಾಣೆಯವರು ಹುಡುಕುದು ಬಿಟ್ಟದ್ದು. ಹರಿ ಬದುಕಿದ್ದಾನೆ ಅನ್ನುದಕ್ಕೆ ಅವರ ಹತ್ತಿರ ಇದ್ದದ್ದು ಅದೊಂದೇ.”

ಅವನಿಗೆ ಇದು ಗೊತ್ತಿರಲಿಲ್ಲ. ಬೈಕಿನ ಹಿಡಿ ಹಿಡಿದುಕೊಂಡ.

“ಹುಡುಕುದೇ ಬಿಟ್ರಾ?”

“ಜನವರಿಯಿಂದಲೇ.”

“ನಾನೆಂತ ಮಾಡಿಬಿಟ್ಟೆ,” ಎಂದ. ಆಮೇಲೆ, “ಭವಿತಕ್ಕನಿಗೆ ಹೇಳ್ತೀರಾ?” ಎಂದ.

ಹೇಳಿದರೆ ಅವಳ ಗಂಡನನ್ನು ನಾನೇ ಕೊಂದ ಹಾಗೆ. ಹೇಳದಿದ್ದರೆ ಅವನನ್ನು ಯಾರೂ ಹುಡುಕುವುದಿಲ್ಲ.

“ಕೊನೆಯ ದಿನ ಹರಿ ಎಲ್ಲಿಗೆ ಹೋಗಿದ್ದ?” ಎಂದು ಬೇರೆ ಕಡೆಗೆ ತಿರುಗಿಸಿದೆ. “ಎಲ್ಲರೂ ಕಡಬ ಅಂತ ಮಾತ್ರ ಹೇಳ್ತಾರೆ. ಕಡಬದಲ್ಲಿ ಯಾರ ಮನೆಗೆ?”

“ದೇರಣ್ಣ ಅಂತ. ಅವರ ಸೋದರಮಾವ.”

ನನಗೆ ಆಶ್ಚರ್ಯವಾಯಿತು. ದೇರಣ್ಣ ಎಂದರೆ ಹರಿಯ ತಾಯಿ ದುಗ್ಗಮ್ಮನ ತಮ್ಮ. ಕಡಬದ ಹತ್ತಿರ ಪಿಕಪ್ ಓಡಿಸಿಕೊಂಡಿದ್ದವನು. ಈ ಮೂರು ತಿಂಗಳಲ್ಲಿ ದುಗ್ಗಮ್ಮ ತಮ್ಮನ ಹೆಸರೆತ್ತಿದ್ದನ್ನು ನಾನು ಕೇಳಿರಲಿಲ್ಲ.

“ಆ ಪಿಕಪ್ಪಿನ ಸಾಲ ಮಾಡಿಸಿದ್ದೂ ಹರಿಯಣ್ಣನೇ,” ಎಂದ ಮೋಕ್ಷಿತ್. “ಅವರು ಮೊದಲು ಸಾಲ ಮಾರುವ ಕಡೆ ಇದ್ದದ್ದಲ್ವಾ. ಮದುವೆಗೆ ಹೋದ್ರೆ ಊಟದ ಪಂಕ್ತಿಯಲ್ಲಿ ಒಬ್ಬನಿಗೆ ಸಾಲ ಒಪ್ಪಿಸಿ ಬರ್ತಿದ್ರು. ಎಲ್ಲ ನೆಂಟರೇ. ಪಿಕಪ್ಪಿನ ಕಮಿಷನ್ ಬಂದ ದಿನ ನಮಗೆಲ್ಲ ಬಿರಿಯಾನಿ ತೆಗ್ಸಿ ಕೊಟ್ಟಿದ್ರು. ಆಮೇಲೆ ರೂಲ್ ಬಂತು, ಯಾರು ಮಾರಿದ್ದೋ ಅವನೇ ವಸೂಲು ಮಾಡ್ಬೇಕು. ಕೊಡ್ಸಿದ ಮನೆಗೆಲ್ಲ ಅವರೇ ಕೇಳ್ಲಿಕ್ಕೆ ಹೋಗ್ಬೇಕು. ಮತ್ತೆ ಅವರು ಮದುವೆಗೆ ಹೋಗುದೇ ಬಿಟ್ರು.”

“ಮಾವನ ಮನೆಗೆ ಯಾಕೆ ಕಳಿಸಿದ್ದು?”

“ಗಾಡಿ ಎಳೆದು ತರ್ಲಿಕ್ಕೆ. ಆಗುದಿಲ್ಲ ಅಂತ ಹೇಳಿದ್ರು. ಮ್ಯಾನೇಜರ್ ಕೇಳ್ಲಿಲ್ಲ. ಸಂಜೆ ಬರ್ತಾ ದಾರಿಯಿಂದ ನನಗೆ ಫೋನ್ ಮಾಡಿದ್ರು. ಗಾಡಿ ಸಿಕ್ಕಿತಾ ಕೇಳಿದೆ. ಕೀ ಸಿಕ್ಕಿತು ಹೇಳಿದ್ರು.” ಮೋಕ್ಷಿತ್ ಬಾಟಲಿ ಎತ್ತಿ ಒಂದು ಗುಟುಕು ಕುಡಿದ. “ಮತ್ತೆ ಹೇಳಿದ್ರು, ‘ಇವತ್ತು ಮಾವನ ಮನೇಲಿ ನೀರು ಕುಡೀಲಿಲ್ಲ ಮಾರಾಯ. ಅತ್ತೆ ತಂದಿಟ್ರು. ನಾನು ಮುಟ್ಲಿಲ್ಲ.’ ಅಷ್ಟೇ. ನಾನು ನಗಾಡಿದೆ. ಕಲಿತ್ರಿ ಅಲ್ವಾ ಅಂತ ಹೇಳಿದೆ.”

ದನಗಳನ್ನು ಆಚೆ ಕೊಟ್ಟಿಗೆಗೆ ಹೊಡೆಯುವವರ ಸ್ವರ ಕೇಳಿಸಿತು. ನಾನು ಎದ್ದೆ. ಕೇಳಬೇಕಾದ್ದು ಒಂದೇ ಉಳಿದಿತ್ತು. ಅದೂ ಬರೀ ಬಾಯಿಮಾತಿಗೆ.

“ಹಾಗಾದ್ರೆ ನಿನ್ನೆಯದ್ದೂ ನೀನೇ.”

ಅವನು ತಲೆಯೆತ್ತಿದ. “ನಿನ್ನೆಯದ್ದು ನಾನಲ್ಲ ಅಜ್ಜ.”

“ಎಂತ?”

“ಈ ತಿಂಗಳು ನನ್ನ ಕೈಯಲ್ಲಿ ಇಲ್ಲ. ಅಮ್ಮನ ಬಳೆ ಅಡವಿಟ್ಟಾಯ್ತು. ಕಮಿಷನ್ ಹೋದ್ರೆ ಹೋಗ್ಲಿ ಅಂತ ಕೂತಿದ್ದೆ. ನಿನ್ನೆ ಹತ್ತು ಗಂಟೆಗೆ ನೋಡ್ತೇನೆ, ಹರಿಯಣ್ಣನ ಹೆಸರಿನಲ್ಲಿ ಹಸಿರು ಬಂದಿದೆ. ಹಣ ಕಟ್ಟಿಯಾಗಿದೆ. ರಾತ್ರಿ ಇಡೀ ನಿದ್ದೆ ಇಲ್ಲ ನನಗೆ. ನೀವು ಬಂದದ್ದು ಅದನ್ನು ಕೇಳ್ಲಿಕ್ಕೇ ಅಂತ ತಿಳ್ಕೊಂಡೆ.”

ಅವನ ಕೈಯ ಫೋನು ಈಗ ನನ್ನ ಕಡೆಗೆ ತಿರುಗಿತ್ತು. ಅವರ ಕೆಲಸದ ಆ್ಯಪಿನಲ್ಲಿ ಹಣ ಎಲ್ಲಿ ಕಟ್ಟಿದ್ದು ಎಂದೂ ತೋರಿಸುತ್ತದಂತೆ. ಅವನೇ ಓದಿದ.

“ನಗದು. ಆಲಂಕಾರು. ಅಲಿ ಕುಂಞಿ ಅವರ ಮೊಬೈಲ್ ಅಂಗಡಿ.”

*

ಮೋಕ್ಷಿತ್ ಬೈಕಿನಲ್ಲಿ ಆಲಂಕಾರಿನ ತನಕ ಬಿಟ್ಟ. ಪೇಟೆ ಬರುವ ಮೊದಲೇ ಇಳಿಸಿದ. ಲೊಕೇಶನ್ ನೋಡುವವರಿಗೆ ಅವನು ಒಂದು ಮನೆಯ ಎದುರು ನಿಂತ ಹಾಗೆ ಕಾಣಬೇಕಿತ್ತು.

ಅಲಿ ಕುಂಞಿ ನನ್ನ ಜೀಪಿನ ಕಾಲದ ಪರಿಚಯ. ಆಗ ಸೋಡಾ ಅಂಗಡಿ, ಗಲ್ಫಿಗೆ ಹೋಗಿ ಬಂದ ಮೇಲೆ ಮೊಬೈಲು, ಕರೆಂಟ್ ಬಿಲ್ಲು, ಸಾಲದ ಕಂತು ಕಟ್ಟಿಸಿಕೊಳ್ಳುವ ಕೌಂಟರು. ಗಡ್ಡ ಪೂರ್ತಿ ಬೆಳ್ಳಗಾಗಿದೆ.

“ಜೀಪು ಎಲ್ಲಿ ಜತ್ತಪ್ಪಣ್ಣ?”

“ಜೀಪು ಗುಜರಿಗೆ ಹೋಯ್ತು. ನಾನು ಇನ್ನೂ ಹೋಗ್ಲಿಲ್ಲ.”

“ಹೋಗುವಾಗ ಹೇಳಿ, ತೂಕ ಹಾಕಿ ನಾನೇ ತಗೊಳ್ತೇನೆ.” ನಕ್ಕು ಸ್ಟೂಲು ಎಳೆದು ಕೊಟ್ಟ.

ವಿಷಯ ಹೇಳಿದೆ. ಅವನ ನಗು ನಿಂತಿತು.

“ನಿನ್ನೆ ಕಟ್ಟಿದ ಜನ ಯಾರಿಗೂ ಹೇಳ್ಬಾರ್ದು ಅಂತ ಹೇಳಿ ಹೋಗಿದ್ದಾರೆ. ನಾನು ಆಯ್ತು ಅಂದದ್ದುಂಟು. ಮಾತು ಕೊಟ್ಟ ಮೇಲೆ ಹೇಗೆ ಹೇಳುದು?”

“ಹೇಳ್ಬೇಡ ಹಾಗಾದ್ರೆ. ಒಂದು ವಿಷಯ ನಾನು ಹೇಳ್ತೇನೆ, ಕೇಳು. ಆ ಸಾಲದವನ ಹೆಂಡತಿ ಮೂರು ತಿಂಗಳಿಂದ ಗಂಡ ಇದ್ದಾನಾ ಇಲ್ವಾ ಗೊತ್ತಿಲ್ಲದೆ ಕೂತಿದ್ದಾಳೆ. ಸಣ್ಣ ಪ್ರಾಯ. ಫೋನು ಟಿಣ್ ಅಂದ್ರೆ ಓಡಿ ಬರ್ತಾಳೆ.”

ಅಲಿ ಕುಂಞಿ ಗಡ್ಡ ನೀವಿಕೊಂಡ. ಹೊರಗೆ ನೋಡಿದ. ಆಮೇಲೆ ತಲೆಯ ಮೇಲೆ ಮೂಲೆಯಲ್ಲಿದ್ದ ಕ್ಯಾಮೆರಾವನ್ನು ಕಣ್ಣಿನಲ್ಲೇ ತೋರಿಸಿದ.

“ನಾನು ಹೇಳುದಿಲ್ಲ. ಅದು ಮಾತು ಕೊಟ್ಟದ್ದಿಲ್ಲ. ನೀವೇ ನೋಡಿ.”

ಕಂಪ್ಯೂಟರಿನಲ್ಲಿ ನಿನ್ನೆಯ ಬೆಳಗು ಓಡಿತು. ಅಂಗಡಿ ಮೇಲಿನಿಂದ ಕಾಣುತ್ತಿತ್ತು. ಒಬ್ಬ ರೀಚಾರ್ಜ್ ಮಾಡಿಸಿ ಹೋದ. ಮಕ್ಕಳು ಬಂದರು, ಹೋದರು. ಆಮೇಲೆ ಒಂದು ಕೊಡೆ ಮಡಚಿಕೊಂಡಿತು. ಅದರ ಅಡಿಯಿಂದ ಒಬ್ಬ ಮುದುಕಿ ಒಳಗೆ ಬಂದಳು.

ಮುಖ ಕಾಣಲಿಲ್ಲ. ಮುಖ ಬೇಕಾಗಿಯೂ ಇರಲಿಲ್ಲ. ನಲ್ವತ್ತು ವರ್ಷದಿಂದ ಬೇಲಿಯ ಆಚೆ ನೋಡಿದ ನಡಿಗೆ.

ಪಂಜಕ್ಕೆ ತಂಗಿಯ ಮನೆಗೆ ಹೋದ ದುಗ್ಗಮ್ಮ ಆಲಂಕಾರಿನ ಅಂಗಡಿಯಲ್ಲಿ ಸೊಂಟದಿಂದ ನೋಟು ಬಿಚ್ಚಿ ಕೊಡುತ್ತಿದ್ದಳು. ಅಲಿ ಕುಂಞಿ ಏನೋ ಕೇಳಿದ. ಅವಳು ಒಂದು ಸಣ್ಣ ಕರಿ ಫೋನು ತೆಗೆದು, ಒಂದೇ ಗುಂಡಿ ಒತ್ತಿ, ಅವನ ಕಿವಿಗೆ ಹಿಡಿದಳು.

“ಇದೆಂತದು?” ಎಂದು ಕೇಳಿದೆ. ದುಗ್ಗಮ್ಮನ ಹತ್ತಿರ ಫೋನು ಇದ್ದದ್ದೇ ನನಗೆ ಗೊತ್ತಿರಲಿಲ್ಲ. ಭವಿತಾಳಿಗೂ ಗೊತ್ತಿರಲಿಕ್ಕಿಲ್ಲ.

“ಸಾಲದ ನಂಬರ್ ಕೇಳಿದೆ. ಅವರಿಗೆ ಗೊತ್ತಿಲ್ಲ. ಫೋನಿನಲ್ಲಿ ಇರುವವರು ಹೇಳ್ತಾರೆ ಅಂತ ಕಿವಿಗೆ ಇಟ್ರು. ಒಬ್ಬ ಗಂಡಸು ನಂಬರ್ ಹೇಳಿದ.”

“ಹರಿಯಾ, ಅವನ ಮಾವ ದೇರಣ್ಣನಾ?”

“ನಾನು ಇಬ್ಬರನ್ನೂ ನೋಡಿದವನೇ ಅಲ್ಲ ಜತ್ತಪ್ಪಣ್ಣ, ಸ್ವರ ಹೇಗೆ ಹೇಳ್ಲಿ. ಮೆಲ್ಲನೆ ಮಾತಾಡಿದ. ಪ್ರಾಯದವನೋ ಮುದುಕನೋ ಅದೂ ಗೊತ್ತಾಗ್ಲಿಲ್ಲ. ನಂಬರ್ ಬಿಟ್ಟು ಬೇರೆ ಒಂದು ಶಬ್ದ ಇಲ್ಲ.” ಅಲಿ ಕುಂಞಿ ನನ್ನ ಕಡೆ ಬಾಗಿದ. “ಹಿಂದಿನಿಂದ ಒಂದು ಹೆಂಗಸು ಮಲಯಾಳದಲ್ಲಿ ಕರೀತಾ ಇದ್ದಳು. ಟೋಕನ್ ನಂಬರ್ ಇಷ್ಟು, ಒಳಗೆ ಬನ್ನಿ ಅಂತ. ಆಸ್ಪತ್ರೆಯಲ್ಲಿ ಕರೆಯುವ ಹಾಗೆ.”

“ಬ್ಯಾಂಕಿನಲ್ಲೂ ಕರೀತಾರೆ.”

“ಕರೀತಾರೆ. ಆದ್ರೆ ಬ್ಯಾಂಕಿನಲ್ಲಿ ಫೋನಿನಲ್ಲಿ ಕೇಳಿದ ನಮೂನೆ ಮಗು ಅಳುದಿಲ್ಲ.”

ದುಗ್ಗಮ್ಮ ನೀರು ಕೇಳಿ ಕುಡಿದು, ಕೂರಿ ಎಂದರೂ ಕೂರದೆ, ಕಡಬದ ಬಸ್ಸಿಗೆ ಹೋದಳಂತೆ. ಪರದೆಯ ಮೇಲೆ ಕೊಡೆ ಮತ್ತೆ ಬಿಚ್ಚಿಕೊಂಡಿತು.

*

ಗುತ್ತಿಗಾರಿಗೆ ಮುಟ್ಟುವಾಗ ಸೂರ್ಯ ಇಳಿದಿದ್ದ. ದುಗ್ಗಮ್ಮ ಅಂಗಳದ ಮೂಲೆಯಲ್ಲಿ ಸೌದೆ ಜೋಡಿಸುತ್ತಿದ್ದಳು. ಜಗಲಿಯಲ್ಲಿ ಭವಿತಾ ಮಲ್ಲಿಗೆ ಕಟ್ಟುತ್ತಾ ಕೂತಿದ್ದಳು. ಬಹಳ ದಿನಗಳ ಮೇಲೆ ಮುಡಿಯಲಿಕ್ಕೆ ಕಟ್ಟಿದ್ದು.

“ಚಾ ಆತಾ ಜತ್ತಪ್ಪ? ಇಂದ್ ಬಿಸ್ಲು ಜೋರು ಇತ್ತಲ್ಲಾ,” ಎಂದಳು ದುಗ್ಗಮ್ಮ ನನ್ನ ಕಡೆ ನೋಡದೆ. “ಎಲ್ಲಿಗೆ ಹೋಗಿದ್ದೆ?”

ಸೊಸೆಯ ಎದುರು ಅತ್ತೆಯನ್ನು ಕೇಳುವುದು ನನ್ನಿಂದಾಗಲಿಲ್ಲ. ಆದರೆ ಸುಮ್ಮನೆ ಹೋಗುವುದೂ ಆಗಲಿಲ್ಲ.

“ಆಲಂಕಾರಿಗೆ,” ಎಂದೆ. “ಅಲಿ ಕುಂಞಿಯ ಅಂಗಡಿಗೆ.”

ಕೈಯಲ್ಲಿದ್ದ ಸೌದೆ ಕೈಯಲ್ಲೇ ನಿಂತಿತು. ಬಿದ್ದೂ ಹೋಗಲಿಲ್ಲ, ರಾಶಿಯ ಮೇಲೂ ಕೂರಲಿಲ್ಲ.

“ನಾಳೆ ಮಾತಾಡುವ ದುಗ್ಗಮ್ಮ.”

“ಹೂಂ,” ಎಂದಳು. “ನಾಳೆ.”

ಮಾರನೆ ಬೆಳಿಗ್ಗೆ ಹಲ್ಲುಜ್ಜಿ ಅಲ್ಲಿಗೆ ಹೋದೆ. ಭವಿತಾ ಅಂಗಳದಲ್ಲಿ ನಿಂತಿದ್ದಳು. ಗುಡಿಸಿ ಅರ್ಧಕ್ಕೆ ಬಿಟ್ಟ ಗೆರೆ ಅವಳ ಕಾಲಡಿಯಲ್ಲೇ ನಿಂತಿತ್ತು. ಮುಡಿಯಲ್ಲಿ ನಿನ್ನೆಯ ಮಲ್ಲಿಗೆ ಬಾಡಿತ್ತು.

“ಅತ್ತೆ ಇಲ್ಲ ಅಜ್ಜ.”

“ಎಲ್ಲಿಗೆ ಹೋದದ್ದು?”

“ಹೇಳಿ ಹೋಗ್ಲಿಲ್ಲ. ನಾನು ಏಳುವ ಮೊದಲೇ ಮೊದಲ ಬಸ್ಸಿಗೆ ಹೋಗಿದ್ದಾರೆ. ಪಂಜಕ್ಕೆ ಫೋನ್ ಮಾಡಿದೆ. ಅಲ್ಲಿಗೆ ಬರ್ಲಿಲ್ಲ. ಮಂಗಳವಾರವೂ ಬರ್ಲಿಲ್ಲ ಅಂತ ಹೇಳ್ತಾರೆ.” ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. “ನಿಮಗೆ ಎಂತಾದ್ರೂ ಗೊತ್ತುಂಟಾ?”

ಮೋಕ್ಷಿತನ ಕಂತು ನನ್ನ ನಾಲಗೆಯ ತುದಿಯಲ್ಲಿತ್ತು. ಕರಿ ಫೋನೂ ಅಲ್ಲೇ ಇತ್ತು. ಒಂದನ್ನು ಹೇಳಿದರೆ ಅವಳ ಗಂಡ ಹೋದ. ಇನ್ನೊಂದನ್ನು ಹೇಳಿದರೆ, ಗಂಡ ಇದ್ದೂ ತಾಯಿಯನ್ನು ಮಾತ್ರ ಬೇಕೆಂದವನು.

“ಎಂತ ಕೊಂಡೋಗಿದ್ದಾಳೆ?” ಎಂದೆ.

ಅವಳು ಒಳಗೆ ಕರೆದುಕೊಂಡು ಹೋದಳು. ಕಪಾಟಿನ ಬಾಗಿಲು ತೆರೆದೇ ಇತ್ತು. ಹರಿಯ ಬಟ್ಟೆಗಳ ರಾಶಿಯ ಮೇಲೆ ಒಂದು ಕೈ ಆಡಿದ ಗುರುತು.

“ಅವರ ಒಂದು ಅಂಗಿ ಇಲ್ಲ. ಒಂದು ಪಂಚೆ ಇಲ್ಲ. ಬೇರೆ ಎಲ್ಲ ಉಂಟು.”

ಬದುಕಿರುವವನಿಗಾದರೆ ಅದು ಉಡಲಿಕ್ಕೆ. ತೀರಿಹೋದವನಿಗಾದರೆ ಉತ್ತರಕ್ರಿಯೆಯ ದಿನ ಅವನ ಹೆಸರಿಗೆ ಎಲೆ ಹಾಕಿ ಬಡಿಸುವಾಗ ಪಕ್ಕದಲ್ಲಿ ಇಡಲಿಕ್ಕೆ. ನಮ್ಮಲ್ಲಿ ಎರಡಕ್ಕೂ ಒಂದು ಅಂಗಿ, ಒಂದು ಪಂಚೆ.

ಭವಿತಾಳಿಗೂ ಅದು ಗೊತ್ತಿತ್ತು. ಅವಳು ಕಪಾಟಿನ ಬಾಗಿಲನ್ನು ಹಿಡಿದುಕೊಂಡೇ ಕೇಳಿದಳು, ಬಹಳ ಮೆತ್ತಗೆ.

“ಯಾವುದಕ್ಕೆ ಅಜ್ಜ?”

ಅದನ್ನು ಹೇಳಬಲ್ಲವಳು ಒಬ್ಬಳೇ. ಆ ದುಗ್ಗಮ್ಮ ಎಲ್ಲಿಗೆಂದು ಹೇಳದೆ ಮೊದಲ ಬಸ್ಸಿಗೆ ಹೋಗಿಯಾಗಿತ್ತು.